ಅವ್ವನ ಹೆಸರು ಹೊತ್ತು ಅಲಖನೂರಿಗೆ

ದೀಪಾವಳಿ ಮುಗಿದ ಮೇಲಿನ ಒಂದು ಗುರುವಾರ, ಬೆಳಗಿನ ಚಹಾ ಮುಗಿಸಿ ನಾನು ನಿಪ್ಪಾಣಿಯಿಂದ ಹೊರಟೆ. ನಮ್ಮ ಮನೆಯವರು ಗಾಡಿಯ ಮೇಲೆ ಬಸ್ ಸ್ಟ್ಯಾಂಡಿನ ತನಕ ಬಿಟ್ಟು, "ಹೆಸರ ಮರತೀದಿ ಮತ್ತ" ಎಂದು ನಕ್ಕು ಹೋದರು. ಕೈಚೀಲದಲ್ಲಿ ನಾನೇ ಹೊಲಿದ ಕುಂಚಿಗೆ ಇತ್ತು. ಕೂಸಿನ ತಲೆ, ಬೆನ್ನು ಎರಡನ್ನೂ ಮುಚ್ಚುವ ಈ ಟೊಪ್ಪಿಗೆಯನ್ನು ಸೋದರತ್ತೆ ತರಬೇಕು. ಅದರ ಜೊತೆಗೆ ಕೊಬ್ಬರಿ ಬಟ್ಟಲು, ಗುಗ್ಗರಿಗೆ ಒಂದಷ್ಟು ಗೋಧಿ, ನನ್ನ ಒಂದು ಜೊತೆ ಸೀರೆ.

ನಮ್ಮ ಕಡೆ ಹುಟ್ಟಿದ ಕೂಸಿಗೆ ಹೆಸರಿಡುವ ಹಕ್ಕು ಅಪ್ಪನ ಅಕ್ಕತಂಗಿಯರದು. ತಮ್ಮ ಮಹಾದೇವನಿಗೆ ನಾನೊಬ್ಬಳೇ ಅಕ್ಕ. ಅವನು ಕಾಗವಾಡದಲ್ಲಿ ನೀರೆತ್ತುವ ಮೋಟಾರುಗಳ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮದುವೆಯಾಗಿ ಆರು ವರ್ಷದ ಮೇಲೆ ಅವನಿಗೆ ಮಗಳು ಹುಟ್ಟಿದ್ದಳು. ಮೊದಲ ಹೆರಿಗೆಯಾದ್ದರಿಂದ ತಮ್ಮನ ಹೆಂಡತಿ ಶೈಲಾ ತನ್ನ ತವರಾದ ಅಲಖನೂರಿನಲ್ಲಿದ್ದಳು. ತೊಟ್ಟಿಲು ಹಾಕುವುದೂ ಅಲ್ಲಿಯೇ. ಹೆಸರನ್ನು ನಾನೂ ತಮ್ಮನೂ ಫೋನಿನಲ್ಲೇ ಗಟ್ಟಿ ಮಾಡಿಬಿಟ್ಟಿದ್ದೆವು. ಹೋದ ವರ್ಷ ತೀರಿಕೊಂಡ ನಮ್ಮ ಅವ್ವನ ಹೆಸರು: ಸಕ್ರವ್ವ.

ಚಿಕ್ಕೋಡಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ದುಡ್ಡಿಲ್ಲದ ಟಿಕೆಟ್ ಹರಿದು ಕೊಟ್ಟ. ಬಿಸಿಲು ಇನ್ನೂ ಎಳೆಯದಿತ್ತು. ರಸ್ತೆಯುದ್ದಕ್ಕೂ ಕಬ್ಬು ಕಡಿಯುವವರ ಗುಡಿಸಲುಗಳು ಎದ್ದಿದ್ದವು, ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಹೋಗುತ್ತಿದ್ದವು. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಇಳಿದು ಹದಿನೈದು ರೂಪಾಯಿಗೆ ಒಂದು ವಡಾಪಾವ್ ತಿಂದೆ. ಮೆಣಸಿನಕಾಯಿ ಚೆನ್ನಾಗಿ ಕರಿದಿದ್ದರು.

ಅಲ್ಲಿಂದ ಮುಂದಿನ ಬಸ್ಸಿನಲ್ಲಿ ಸದಲಗಾದ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತಳು. ಮಗಳನ್ನು ನೋಡಲು ಅಂಕಲಿಗೆ ಹೊರಟವಳು. ನನ್ನ ಚೀಲದಿಂದ ಇಣುಕುತ್ತಿದ್ದ ಕುಂಚಿಗೆಯ ಜರಿ ನೋಡಿ ಕೇಳಿಯೇ ಬಿಟ್ಟಳು.

"ಅಗ ಬಾಯಿ, ಹೆಸರಿಡಾಕ ಹೊಂಟೀರೇನ್ರಿ? ಏನ ಇಡ್ತೀರಿ?"

"ತೊಟ್ಟಲದಾಗ ಹಾಕೂತನಕ ಬಾಯಿ ಬಿಡಬಾರದಲ್ರಿ" ಎಂದೆ.

"ಬಿಡಬ್ಯಾಡ್ರಿ. ಆದರ ಸತ್ತವರ ಹೆಸರ ಮಾತ್ರ ಇಡಬ್ಯಾಡ್ರಿ. ನನ್ನ ಮಗಾ ನನ್ನ ಮಮ್ಮಗಳಿಗೆ ನಮ್ಮತ್ತಿ ಹೆಸರ ಇಟ್ಟಾನ. ನಾ ಅತ್ತಿ ಹೆಸರ ಹಿಡದ ಹ್ಯಾಂಗ ಕರೀಲಿ? ಏ ಹುಡಗಿ ಅಂತೀನಿ. ಮೊನ್ನೆ ಸಂತ್ಯಾಗ ಕೂಸ ಕೈ ಬಿಡಿಸಿಕೊಂಡ ಓಡಿ ಹೋತ್ರಿ. ಏ ಹುಡಗೀ, ಏ ಹುಡಗೀ ಅಂತ ಒದರಿದ್ರ ಸಂತ್ಯಾಗಿನ ಹುಡಿಗ್ಯಾರೆಲ್ಲ ತಿರಗಿ ನೋಡಿದ್ವು, ನಮ್ಮದೊಂದ ಬಿಟ್ಟು!"

ಮುಂದಿನ ಸೀಟಿನವರೂ ನಕ್ಕರು. ಬಳೆಯಂಗಡಿ ಮುಂದೆ ಸಿಕ್ಕಿತಂತೆ ಹುಡುಗಿ. ನಾನೂ ನಕ್ಕೆ. ಆದರೆ ಆಕೆ ಅಂಕಲಿಯಲ್ಲಿ ಇಳಿದು ಹೋದ ಮೇಲೆ, ಬಸ್ಸು ಕೃಷ್ಣಾ ಸೇತುವೆ ಏರುವ ಹೊತ್ತಿಗೆ, ನನ್ನ ನಗು ನಿಂತಿತ್ತು. ಶೈಲಾಳ ನೆನಪಾಗಿತ್ತು.

ನಮ್ಮ ಶೈಲಾ ಒಮ್ಮೆಯೂ ಅತ್ತೆಯ ಹೆಸರು ಬಾಯಿಗೆ ತಂದವಳಲ್ಲ. ಹೆಸರೊಂದೇ ಅಲ್ಲ, ಸಕ್ಕರೆಗೂ ಅವಳು ಸಕ್ರಿ ಎನ್ನುತ್ತಿರಲಿಲ್ಲ, ಸಿಹಿ ಎನ್ನುತ್ತಿದ್ದಳು. ಕಾಗವಾಡದ ಕಿರಾಣಿ ಅಂಗಡಿಯವನಿಗೆ ಇದು ಗೊತ್ತು. ಅವಳು "ಒಂದ ಕೇಜಿ ಸಿಹಿ ಕೊಡ್ರಿ" ಅಂದರೆ ಬೇಕೆಂದೇ "ಬೆಲ್ಲ ಕೊಡ್ಲೇನ್ರಿ ವೈನಿ, ಪೇಢೆ ಕೊಡ್ಲೇನ್ರಿ?" ಎಂದು ಕಾಡುತ್ತಿದ್ದ. ಅವಳು ಡಬ್ಬಿಯ ಕಡೆ ಬೆರಳು ಮಾಡುತ್ತಿದ್ದಳೇ ಹೊರತು ಹೆಸರು ಹೇಳುತ್ತಿರಲಿಲ್ಲ. ಯಾರೂ ಅವಳ ಮೇಲೆ ಹೇರಿದ್ದಲ್ಲ ಅದು. ಅವ್ವನೇ ಎಷ್ಟೋ ಸಲ "ಅನ್ನ ಬೇ, ಬಾಯೇನ ಸುಡೂದಿಲ್ಲ" ಎಂದು ಬೈದದ್ದುಂಟು.

ಕಾಗವಾಡ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಮಹಾದೇವ ಅಂಗಡಿ ಬಾಗಿಲು ಅರ್ಧ ಎಳೆದು ನನ್ನನ್ನು ಮನೆಗೆ ಕರೆದೊಯ್ದ. ತಾನೇ ಬದನೆಕಾಯಿ ಪಲ್ಯ ಮಾಡಿಟ್ಟಿದ್ದ, ಪಕ್ಕದ ಮನೆಯವರು ಜೋಳದ ರೊಟ್ಟಿ ಕೊಟ್ಟಿದ್ದರು. ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತು. ಮೊಸರು ಹಾಕಿಕೊಂಡು ಉಂಡೆ. ಅಥಣಿ ಪೇಟೆಗೆ ಮೋಟಾರಿನ ಸಾಮಾನು ತರಲು ಹೋದವನು ಮಗಳಿಗೆ ಬೆಳ್ಳಿ ಕಾಲ್ಗಡಗ ತಂದಿದ್ದ. ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನೆದುರು ಅಲ್ಲಾಡಿಸಿದ.

"ಶೈಲಾನ್ನ ಕೇಳೀದ್ಯೇನ, ಹೆಸರಿಂದು?" ಎಂದೆ.

"ಕೇಳೂದೇನೈತಿ ಅಕ್ಕ? ಅಕೀಗೂ ಅವ್ವ ಅಂದ್ರ ಪ್ರಾಣ ಇತ್ತು. ಅವ್ವನ ಹೆಸರ ಮನ್ಯಾಗ ಮತ್ತ ಓಡ್ಯಾಡಬೇಕು, ಅಷ್ಟ."

"ಅಕಿ ಅದನ್ನ ಕರೀತಾಳೇನ?"

ಅವನು ಕಾಲ್ಗಡಗ ಅಲ್ಲಾಡಿಸುವುದನ್ನು ನಿಲ್ಲಿಸಿದ. ಅದು ಅವನ ತಲೆಗೆ ಹೊಳೆದೇ ಇರಲಿಲ್ಲ. ಅದನ್ನು ಜೇಬಿಗಿಳಿಸಿ, "ಹಂಗಾರ ಕಿವ್ಯಾಗ ಅವ್ವನ ಹೆಸರ ಹೇಳ. ಕರಿಯಾಕ ಬ್ಯಾರೆ ಒಂದ ಇದ್ರಾತು" ಎಂದ. ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೂಂ ಎಂದೆ, ಆದರೆ ಸಮಾಧಾನವಾಗಲಿಲ್ಲ.

ಮರುದಿನ ಬೆಳಿಗ್ಗೆ ಶೇಡಬಾಳ ಸ್ಟೇಷನ್ನಿನಿಂದ ಪ್ಯಾಸೆಂಜರ್ ರೈಲು ಹಿಡಿದೆವು. ರೈಲು ಅರ್ಧ ತಾಸು ತಡ. ಕಾಯುತ್ತ ಭಡಂಗ ಎಂಬ ಖಾರದ ಚುರುಮುರಿ ತಿಂದೆವು. ಬಿಸಿಲು ಏರಿದರೂ ಗಾಳಿ ತಣ್ಣಗಿತ್ತು. ಸಕ್ಕರೆ ಕಾರ್ಖಾನೆಯ ಉಗಾರ ಬರುತ್ತಲೇ ಡಬ್ಬಿಯ ತುಂಬ ಕಬ್ಬಿನ ಪಾಕದ ವಾಸನೆ. ಮುಂದೆ ಕುಡಚಿಗಿಂತ ಮೊದಲು ಕೃಷ್ಣೆಯ ಮೇಲೆ ರೈಲು ನಿಧಾನವಾಯಿತು. ಹೆಂಗಸರು ಕೈ ಮುಗಿದು ಚಿಲ್ಲರೆ ಎಸೆದರು. ನಾನೂ ಒಂದು ರೂಪಾಯಿ ಎಸೆದೆ. ಅದು ಕಂಬಿಗೆ ಬಡಿದು ಠಣ್ಣೆಂದಿತು, ನೀರಿಗೆ ಬಿತ್ತೋ ಇಲ್ಲವೋ ಕಾಣಲಿಲ್ಲ.

ಇದೇ ಹಳಿಯ ಮೇಲೆ ಅವ್ವನನ್ನು ಮಿರಜದ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದಾಗ ನರ್ಸ್ ಬಾಯಿ ಹೊರಗೆ ಬಂದು "ಸಕ್ರವ್ವ! ಸಕ್ರವ್ವ ಕೋಣ?" ಎಂದು ಮರಾಠಿಯಲ್ಲಿ ಯಾರೆಂದು ಕೇಳುತ್ತ ಕೂಗಿದಳು. ಅವ್ವ ಕದಲಲಿಲ್ಲ. ಯಾರು ಏಳುತ್ತಾರೆಂದು ಅತ್ತಿತ್ತ ನೋಡುತ್ತ ಕುಳಿತಿದ್ದಳು. "ಅವ್ವಾ, ನಿನ್ನನ್ನ ಕರಿಯಾಕತ್ತಾರ" ಎಂದು ಮೊಣಕೈ ತಿವಿದೆ. "ಹೌದಲ್ಲ ಬೇ, ನಂದ ಹೆಸರ ಅದು!" ಎಂದು ಬಾಯಿಗೆ ಸೆರಗು ಹಚ್ಚಿ ನಕ್ಕಳು. ಆಗ ನಾನೂ ನಕ್ಕಿದ್ದೆ.

ರೈಲಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಅಪ್ಪ ಅವ್ವನನ್ನು "ಏ, ಕೇಳಿದ್ಯಾ" ಎನ್ನುತ್ತಿದ್ದ. ಓಣಿಯವರಿಗೆ ಆಕೆ ಮಾದೇವನ ಅವ್ವ. ನಮಗೆ ಅವ್ವ, ಸೊಸೆಗೆ ಅತ್ತಿ. ಅವ್ವನ ಹೆಸರು ಮನೆಯಲ್ಲಿ ಮತ್ತೆ ಓಡಾಡಬೇಕು ಎಂದು ತಮ್ಮ ಹೇಳಿದ್ದ. ಅದು ಯಾವತ್ತು ಓಡಾಡಿತ್ತು?

"ಮಾದೇವ, ಎರಡೆರಡ ಹೆಸರ ಬ್ಯಾಡ" ಎಂದೆ. "ಯಾರೂ ಕರೀದ ಹೆಸರನ್ನ ಅವ್ವ ಒಬ್ಬಾಕಿ ಹೊತ್ತದ್ದ ಸಾಕು. ಶೈಲಾ ಕರಿಯಾಕ ಒಪ್ಪಿದ್ರ ಇಡ್ತೀನಿ. ಇಲ್ಲಾಂದ್ರ ಇಲ್ಲ."

ಅವನು ಕಿಟಕಿಯ ಹೊರಗೆ ನೋಡುತ್ತ, "ಹಕ್ಕ ನಿಂದ" ಎಂದ.

ರಾಯಬಾಗ ಸ್ಟೇಷನ್ನಿನಲ್ಲಿ ಇಳಿದು, ಟಂಟಂ ಆಟೊ ಹಿಡಿದು ರಾಯಬಾಗ ಊರೊಳಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಅಲಖನೂರು ಸೇರಿದಾಗ ಹನ್ನೊಂದು ದಾಟಿತ್ತು. ಬೀಗತಿ, ಅಂದರೆ ಶೈಲಾಳ ತಾಯಿ, ಕಾಲಿಗೆ ನೀರು ಕೊಟ್ಟು "ಬರ್ರಿ ಬೀಗರ, ಹೆಸರಿನ ಗಂಟ ತಂದೀರಿಲ್ಲೋ?" ಎಂದಳು. "ತಂದೀನ್ರಿ, ಬಿಚ್ಚೂದೊಂದ ಬಾಕಿ ಐತಿ" ಎಂದು ಒಳಗೆ ಹೋದೆ.

ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ ಇನ್ನೂ ಆರಿರಲಿಲ್ಲ. ಶೈಲಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಳು. ಎಣ್ಣೆ ನೀರು ಮಾಡಿಸಿಕೊಂಡ ಕೂಸು ಕೆಂಪಗೆ ಮಲಗಿತ್ತು. ಗದ್ದ ಅವ್ವನದೇ. ನಾನು ಎತ್ತಿಕೊಂಡೆ. ಶೈಲಾ ಮೆಲ್ಲಗೆ ಕೇಳಿದಳು.

"ಅಕ್ಕಾರ, ಹೆಸರ ಅದ ಏನ್ರಿ? ಅತ್ತ್ಯಾರದು?"

"ಹೂಂ, ಹಂಗಂತ ಮನಸಿನ್ಯಾಗೈತಿ."

"ಛಲೋ ಆತ್ರಿ" ಎಂದಳು. ಕೂಸಿನ ಅಂಗಿಯ ದಾರವನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು. "ಎಲ್ಲಾರೂ ಇಕಿನ್ನ ಹೆಸರ ಹಿಡದ ಕರೀತಾರ. ನಾ ಹಡದಾಕಿ, ನಾ ಒಬ್ಬಾಕಿ ಹೊರಗ ಉಳೀತೀನೇನೋ ಅನಸ್ತೈತ್ರಿ."

"ನೀನೂ ಕರಿ. ಯಾರ ಬ್ಯಾಡಂತಾರ?"

"ಅತ್ತ್ಯಾರ ಇದ್ದಾಗನ ಅಂದಿಲ್ಲ. ಅವರಿಲ್ಲದಾಗ ಅಂದ್ರ ಬೆನ್ನ ಹಿಂದ ಅಂದಂಗ ಆಗೂದಿಲ್ಲೇನ್ರಿ? ಬಾಯಿಗೇ ಬರೂದಿಲ್ರಿ ಅಕ್ಕಾರ."

ದವಾಖಾನೆಯ ಬೆಂಚಿನ ಮಾತನ್ನು ನಾನು ಅವಳಿಗೆ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. "ನೋಡ ಶೈಲಾ, ನೀ ಬಾಯಿ ತುಂಬ ಕರಿಯೂದಾದ್ರ ಈ ಹೆಸರ ಇಡ್ತೀನಿ. ಆಗೂದಿಲ್ಲ ಅಂದ್ರ ಸುಮಾ ಅಂತ ಇಡ್ತೀನಿ, ನನಗೇನ ಬ್ಯಾಸರಿಲ್ಲ" ಎಂದೆ. ಬೇಸರವಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಅವಳು ಉತ್ತರ ಕೊಡುವುದರೊಳಗೆ ಗುಗ್ಗರಿ ಉಪ್ಪು ನೋಡಲು ನನ್ನನ್ನು ಹೊರಗೆ ಕರೆದರು.

ಊಟಕ್ಕೆ ಹೋಳಿಗೆ, ಕಟ್ಟಿನ ಸಾರು, ಅನ್ನ. ಉಂಡೆದ್ದ ಮೇಲೆ ನಡುಮನೆಯಲ್ಲಿ ತೊಟ್ಟಿಲು ಕಟ್ಟಿದರು. ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಕೂಸಿನಂತೆಯೇ ತೊಟ್ಟಿಲ ಕೆಳಗಿನಿಂದ ಮೇಲಿನಿಂದ ಕೈಯಿಂದ ಕೈಗೆ ದಾಟಿಸಿದರು. ಆಮೇಲೆ ನಾನು ತಂದ ಕುಂಚಿಗೆ ಹಾಕಿ ಕೂಸನ್ನು ಮಲಗಿಸಿದರು. ಕುಂಚಿಗೆ ಒಂದು ಬೆರಳು ದೊಡ್ಡದಾಯಿತು. "ಅತ್ತಿ ಲಗ್ನದ ಅಳತಿಗೆ ಹೊಲದಾಳ!" ಎಂದಳು ಅಥಣಿಯಿಂದ ಬಂದಿದ್ದ ಶೈಲಾಳ ದೊಡ್ಡವ್ವ. ಮನೆ ತುಂಬ ನಗೆ.

ನಾನು ಬಗ್ಗಲು ಹೋದರೆ ಅದೇ ದೊಡ್ಡವ್ವ ತಡೆದಳು. "ಒಡಪ ಇಲ್ಲದ ಬಗ್ಗಾಕ ಬಿಡೂದಿಲ್ಲ. ಅತ್ತಿನೂ ಹೇಳಬೇಕು, ತಾಯಿನೂ ಹೇಳಬೇಕು."

ಗಂಡನ ಹೆಸರನ್ನು ಬರಿದೆ ಹೇಳದ ನಮ್ಮ ಹೆಂಗಸರು ಪ್ರಾಸ ಕಟ್ಟಿದ ಒಡಪಿನೊಳಗೆ ಇಟ್ಟು ಹೇಳುತ್ತಾರೆ. ನಾನು ಮದುವೆಯಲ್ಲಿ ಹೇಳಿದ್ದ ಹಳೆಯ ಒಡಪನ್ನೇ ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯವರ ಹೆಸರು ಅದರೊಳಗಿದೆ. ಇನ್ನು ಶೈಲಾಳ ಸರದಿ. ಎಲ್ಲರೂ ಮಹಾದೇವನ ಹೆಸರು ಬರುವುದೆಂದು ಕಾದರು. ಅವನು ಬಾಗಿಲಲ್ಲಿ ನಾಚಿಕೊಂಡು ನಿಂತಿದ್ದ. ಶೈಲಾ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ಒಂದೇ ಉಸಿರಿಗೆ ಹೇಳಿದಳು:

"ಹಿತ್ತಾಳಿ ಬಟ್ಟಲದಾಗ ತುಂಬಿಟ್ಟೆ ಹಸುವಿನ ತುಪ್ಪ,
ಸಕ್ರವ್ವನ ಸೊಸಿ ನಾ, ಸಕ್ರವ್ವನ ಕರದರ ಏನ ತಪ್ಪ?"

ಬೀಗತಿ ಬಾಯಿ ಮೇಲೆ ಕೈ ಇಟ್ಟುಕೊಂಡು "ಅಯ್ಯ ಇವಳ, ಅತ್ತಿ ಹೆಸರ!" ಎಂದಳು. ದೊಡ್ಡವ್ವ ಚಪ್ಪಾಳೆ ತಟ್ಟಿ, "ಅನ್ನಲಿ ಬಿಡ, ಒಡಪಿನ್ಯಾಗ ಎಲ್ಲಾ ಮಾಫ್!" ಎಂದಳು. ಆಗ ಎದ್ದ ಗದ್ದಲಕ್ಕೆ ಕೂಸು ಬೆಚ್ಚಿ ಕಣ್ಣು ಬಿಟ್ಟಿತು.

ನಾನು ಬಗ್ಗಿ, ಕುಂಚಿಗೆ ಸರಿಸಿ, ಕಿವಿಯಲ್ಲಿ ಕುರ್ರ್ ಎಂದು ಊದಿ ಆ ಹೆಸರನ್ನು ಕರೆದೆ. ಅವ್ವನ ಹೆಸರು ಹಿಡಿದು ನಾನು ಕರೆದದ್ದೂ ಅದೇ ಮೊದಲು. ಮೂರನೆಯ ಸಲ ಕರೆಯುವಷ್ಟರಲ್ಲಿ ಬೆನ್ನ ಮೇಲೆ ಗುದ್ದುಗಳು ಬಿದ್ದವು. ಹೆಸರಿಟ್ಟ ಅತ್ತೆಗೆ ಗುದ್ದುವುದು ಪದ್ಧತಿ. ದೊಡ್ಡವ್ವನ ಕೈ ರೊಟ್ಟಿ ಬಡಿದು ಪಳಗಿದ ಕೈ. ಇದನ್ನು ಬರೆಯುವಾಗಲೂ ಎಡಭುಜ ನೋಯುತ್ತಿದೆ.

ನಾಲ್ಕೂವರೆಯ ಬಸ್ಸಿಗೆ ರಾಯಬಾಗ, ಅಲ್ಲಿಂದ ಚಿಕ್ಕೋಡಿ ಮೇಲೆ ರಾತ್ರಿ ಊಟದ ಹೊತ್ತಿಗೆ ನಿಪ್ಪಾಣಿ ಎಂದು ಲೆಕ್ಕ ಹಾಕಿದ್ದೆ. ಹೊರಡುವ ಮುನ್ನ ಶೈಲಾ ಚಹಾ ಕಳಿಸಿ, ಕೋಣೆಯೊಳಗಿನಿಂದಲೇ ಕೇಳಿದಳು: "ಅಕ್ಕಾರ, ಸಿಹಿ ಸಾಕೇನ್ರಿ?" ಅದು ಹಾಗೆಯೇ ಉಳಿದಿತ್ತು. ಸಾಕು ಎಂದೆ. ನಿಜವಾಗಿ ತುಸು ಹೆಚ್ಚೇ ಆಗಿತ್ತು.

ಚೀಲದಲ್ಲಿ ಗುಗ್ಗರಿ ಗಂಟು, ಹೋಳಿಗೆ ಡಬ್ಬಿ. ಮಹಾದೇವ ನನ್ನನ್ನು ಬಸ್ಸಿಗೆ ಬಿಡಲು ಎದ್ದ. ಇಬ್ಬರೂ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಕೂಸು ಅಳಲು ಶುರು ಮಾಡಿತು. ಶೈಲಾಳ ದನಿ ಕೇಳಿಸಿತು. "ಸಕ್ರವ್ವ" ಎಂದು ಒಮ್ಮೆ, ತೀರ ಮೆಲ್ಲಗೆ. ಸ್ವಲ್ಪ ತಡೆದಳು, ಯಾರಾದರೂ ಏನಾದರೂ ಅನ್ನುತ್ತಾರೋ ಎಂದು ಕಾದಂತಿತ್ತು. ಆಮೇಲೆ ಓಣಿಗೆ ಕೇಳುವಷ್ಟು ಗಟ್ಟಿಯಾಗಿ, "ಬಂದೆ ತಡಿಯ ಸಕ್ರವ್ವಾ!"

ನಾನೂ ತಮ್ಮನೂ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವರು, ಇಬ್ಬರೂ ಒಟ್ಟಿಗೇ ತಿರುಗಿ ನೋಡಿದೆವು.