ನಾಗವೇಣಿಯ ಮುಖಕ್ಕೆ ಬಳಿದ ಬಣ್ಣ

ಹೊಸನಗರದಲ್ಲಿ ಆಗ ಸಾಗರಕ್ಕೆ ಹೋಗುವ ಸಂಜೆ ಬಸ್ಸು ಹೊರಟುಹೋದ ಮೇಲೆ ನೋಡುವುದಕ್ಕೆ ಬೇರೇನೂ ಇರುತ್ತಿರಲಿಲ್ಲ. ಹಾಗಾಗಿ ಹೈಸ್ಕೂಲಿನ ಸ್ಕೂಲ್ ಡೇಗೆ ಅರ್ಧ ಊರು ಮೈದಾನಕ್ಕೆ ಬಂದು ಕೂರುತ್ತಿತ್ತು. ಎಪ್ಪತ್ತರ ದಶಕದ ಕೊನೆ ಇರಬೇಕು. ‘ಇರಬೇಕು’ ಎನ್ನುತ್ತೇನೆ, ಏಕೆಂದರೆ ಈ ಕಥೆಯನ್ನು ನಾನು ಬಹಳ ಸಲ ಹೇಳಿದ್ದೇನೆ. ನಡೆದದ್ದು ಎಷ್ಟು, ಹೇಳುತ್ತ ಹೇಳುತ್ತ ಸೇರಿಸಿದ್ದು ಎಷ್ಟು ಎಂದು ಈಗ ನನಗೇ ಅನುಮಾನ.

ಅಪ್ಪ ತಾಲೂಕು ಕಚೇರಿಯಲ್ಲಿ ಗುಮಾಸ್ತರು. ನಾನು ಒಂಬತ್ತನೇ ಕ್ಲಾಸು. ಆ ವರ್ಷ ಮೈಸೂರಿನಿಂದ ಶಿವಾನಂದ ಮೇಷ್ಟ್ರು ಕನ್ನಡ ಕಲಿಸಲು ಹೊಸದಾಗಿ ಬಂದಿದ್ದರು. ಕಡೇ ಪೀರಿಯಡ್ಡಿನಲ್ಲಿ ಪಠ್ಯ ಮುಚ್ಚಿಟ್ಟು, ತಾವೇ ಕನ್ನಡ ಮಾಡಿಕೊಂಡಿದ್ದ ಕಥೆಗಳನ್ನು ನೋಟ್‌ಬುಕ್ಕಿನಿಂದ ಓದುತ್ತಿದ್ದರು. ಎಲ್ಲವೂ ಅಮೆರಿಕದ ಕಪ್ಪು ಜನರ ಕಥೆಗಳು.

‘ಅಮೆರಿಕದಲ್ಲಿ ಎಲ್ಲರೂ ಬೆಳ್ಳಗಿರ್ತಾರೆ ಅಂದ್ಕೊಂಡಿದ್ದೀರೇನ್ರೋ?’ ಎಂದರು ಮೊದಲ ದಿನ. ನಾವು ಹಾಗೇ ಅಂದುಕೊಂಡಿದ್ದೆವು.

ಆ ಕಥೆಗಳ ಗುಂಗಿನಲ್ಲೇ ಅವರು ಸ್ಕೂಲ್ ಡೇಗೆ ಅರ್ಧ ಗಂಟೆಯ ನಾಟಕವೊಂದನ್ನು ಬರೆದರು. ಕಪ್ಪು ಹೆಂಗಸೊಬ್ಬಳು ಬಿಳಿಯ ದೊರೆಯ ಮನೆಯ ಬಟ್ಟೆ ಒಗೆದು ಇಸ್ತ್ರಿ ಮಾಡಿ ತಂದುಕೊಡುತ್ತಾಳೆ. ಆ ಮನೆಯಲ್ಲಿ ಬೆಳ್ಳಿ ಚಮಚವೊಂದು ಕಾಣೆಯಾದಾಗ ದೊರೆಯ ಅನುಮಾನ ಅವಳ ಮಗಳ ಮೇಲೆ ಹೋಗುತ್ತದೆ. ಆಗ ತಾಯಿ ಹೇಳುತ್ತಾಳೆ: ‘ಬಟ್ಟೆ ನೋಡ್ಕೊಂಡು ಮಾತಾಡಬೇಡಿ ದೊರೆ. ನನ್ನ ಮುಖ ನೋಡಿ ಮಾತಾಡಿ.’ ನಾಟಕವೆಲ್ಲ ಇರುವುದು ಈ ಒಂದು ಮಾತಿಗಾಗಿ ಎಂದು ಮೇಷ್ಟ್ರು ಹೇಳಿದ್ದರು.

ದೊರೆಯ ಪಾತ್ರ ನನ್ನದು. ತಾಯಿಯ ಪಾತ್ರ ನಾಗವೇಣಿಯದು. ಅವಳ ಅವ್ವ ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಮ್ಮ ಕ್ಲಾಸಿನಲ್ಲಿ ನಾಗವೇಣಿಗೆ ‘ಇದ್ದಿಲು’ ಎಂದು ಹೆಸರಿಟ್ಟಿದ್ದರು. ಯಾರು ಇಟ್ಟಿದ್ದು ಎಂದು ನೆನಪಿಲ್ಲ. ಈ ‘ನೆನಪಿಲ್ಲ’ವನ್ನೂ ಪೂರ್ತಿ ನಂಬಬೇಕಿಲ್ಲ.

‘ನಾನು ಕರ್ರಗಿದೀನಿ ಅಂತ ಈ ಪಾರ್ಟು ಕೊಟ್ರಾ ಸಾರ್?’ ಎಂದು ಅವಳು ನೇರವಾಗಿ ಕೇಳಿದಳು.

‘ಅಲ್ಲ ಕಣಮ್ಮ. ನಿನ್ನ ಧ್ವನಿಗೆ ಕೊಟ್ಟೆ.’

ಅವಳು ನಂಬಿದ ಹಾಗೆ ಕಾಣಲಿಲ್ಲ. ನಾನು ಇವತ್ತಿಗೂ ನಂಬಿಲ್ಲ. ಆದರೆ ಪಾತ್ರವನ್ನು ಅವಳು ಬಿಡಲಿಲ್ಲ. ರಿಹರ್ಸಲ್ ಮುಗಿಸಿ ನಲ್ಲಿಯ ಹತ್ತಿರ ಕೈಕಾಲು ತೊಳೆಯುವಾಗ ಒಮ್ಮೆ ಹೇಳಿದ್ದಳು: ‘ಅವ್ವ ಬತ್ತಾಳೆ ಕಣೋ. ಒಂದಿನಾನೂ ಸ್ಕೂಲೊಳಗೆ ಕಾಲಿಟ್ಟಿಲ್ಲ ಅವಳು. ನಾನು ನಿಂತ್ಕಂಡು ಮಾತಾಡೋದನ್ನ ಅವಳು ನೋಡ್ಬೇಕು.’

ಬಣ್ಣ ಹಚ್ಚಲು ಗಣಪಯ್ಯನವರು ಬಂದರು. ಯಕ್ಷಗಾನ ಮೇಳದಲ್ಲಿ ತಲೆಗೂದಲು ನರೆಯುವವರೆಗೆ ಮುಖ ಬರೆದವರು. ಮಂಡಿನೋವಿನಿಂದಾಗಿ ಆ ವರ್ಷ ತಿರುಗಾಟಕ್ಕೆ ಹೋಗದೆ ಮನೆಯಲ್ಲೇ ಉಳಿದಿದ್ದರು. ಎಂಟನೇ ಕ್ಲಾಸಿನ ಕೋಣೆಯೇ ಚೌಕಿ, ಬಣ್ಣ ಹಚ್ಚುವ ಮನೆ. ಕೊಬ್ಬರಿ ಎಣ್ಣೆ, ಸುಟ್ಟ ಬತ್ತಿಯ ಕಾಡಿಗೆ, ಹೊರಗಿನಿಂದ ಹುರಿದ ಶೇಂಗಾ: ಆ ವಾಸನೆ ಈಗಲೂ ಮೂಗಿನಲ್ಲಿದೆ. ಇದನ್ನು ಮಾತ್ರ ಅನುಮಾನಿಸಲಾರೆ. ನನ್ನ ಮುಖಕ್ಕೆ ಸಫೇದದ ಬಿಳಿ ಹಚ್ಚಿ ದೊರೆ ಮಾಡಿದರು. ಮೇಷ್ಟ್ರು ಹೊರಗೆ ಕೈಕೊಟ್ಟ ಮೈಕಿನ ಜೊತೆ ಗುದ್ದಾಡುತ್ತಿದ್ದರು.

ಮುಂದಿನದನ್ನು ನಾನು ಹೇಳಿಕೊಂಡು ಬಂದಿರುವುದು ಹೀಗೆ. ಗಣಪಯ್ಯನವರು ಕಂಡ ಯಕ್ಷಗಾನದ ಆಟಗಳಲ್ಲಿ ಕಪ್ಪು ಹೆಂಗಸೆಂದರೆ ಒಬ್ಬಳೇ, ರಾಕ್ಷಸಿ. ಆ ವೇಷಕ್ಕೆ ಹೆಣ್ಣು ಬಣ್ಣ ಎನ್ನುತ್ತಾರೆ. ಮುಖ ತುಂಬ ಕಾಡಿಗೆ, ಕಣ್ಣಿನ ಸುತ್ತ ಕೆಂಪು, ಕೆನ್ನೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಚುಕ್ಕಿ. ಪಾಪ, ಅವರು ಯಾರನ್ನೂ ಕೇಳದೆ ಅದನ್ನೇ ಬರೆದುಬಿಟ್ಟರು. ಇದ್ದ ಒಂದು ಕನ್ನಡಿ ನನ್ನ ಮುಂದಿತ್ತು. ನಾಗವೇಣಿಗೆ ತನ್ನ ಮುಖ ಕಾಣಲಿಲ್ಲ.

ಇಸ್ತ್ರಿ ಬಟ್ಟೆಯ ಗಂಟು ಹೊತ್ತು ಅವಳು ರಂಗಕ್ಕೆ ಬಂದದ್ದೇ ತಡ, ಮುಂದೆ ಕೂತಿದ್ದ ಹುಡುಗರು ಎದ್ದರು.

‘ಓಹೋ, ರಾಕ್ಷಸಿ ಬಂತು!’

‘ಕೂಗೇ! ಒಂದ್ಸಲ ಜೋರಾಗಿ ಕೂಗೇ!’

ಆಟದಲ್ಲಿ ರಾಕ್ಷಸಿ ಅಬ್ಬರಿಸಿಕೊಂಡೇ ಬರಬೇಕು. ಅವರು ಅದಕ್ಕೆ ಕಾಯುತ್ತಿದ್ದರು. ನಾಗವೇಣಿ ಹೇಳಿದ ಎರಡು ಮಾತು ಯಾರಿಗೂ ಕೇಳಲಿಲ್ಲ. ಹೆಂಗಸರ ಸಾಲಿನಲ್ಲಿದ್ದ ಅವಳ ಅವ್ವ ಪಕ್ಕದವಳನ್ನು, ‘ನಮ್ ನಾಗಿ ಯಾವಾಗ ಬತ್ತಾಳೆ?’ ಎಂದು ಕೇಳಿದಳಂತೆ.

ನಾಗವೇಣಿ ಗಂಟು ಕೆಳಗಿಟ್ಟು ಒಳಗೆ ಹೋದಳು. ರಂಗದ ಮೇಲೆ ಉಳಿದದ್ದು ದೊರೆಯಾದ ನಾನೊಬ್ಬನೇ. ಹಿಂದಿನಿಂದ ಬಕೆಟ್ಟಿನ ಸದ್ದು ಕೇಳಿಸಿತು. ತಿರುಗಿ ಬಂದಾಗ ಅವಳ ಕೂದಲಿನಿಂದ ನೀರು ಇಳಿಯುತ್ತಿತ್ತು, ರವಿಕೆಯ ಮೇಲೆಲ್ಲ ಕಪ್ಪು ನೀರು. ಮುಖ ಮಾತ್ರ ಅವಳದೇ. ನಡುವಿನ ಮಾತನ್ನೆಲ್ಲ ಬಿಟ್ಟು, ನನ್ನ ಎದುರು ನಿಂತು ಹೇಳಿದಳು: ‘ನನ್ನ ಮುಖ ನೋಡಿ ಮಾತಾಡಿ.’

ಆಮೇಲೆ ನಾನು ಮೈಸೂರಿನಲ್ಲಿ ಎಂ.ಎ. ಓದುವಾಗ ಕಪ್ಪು ಹೆಂಗಸರು ತಾವೇ ಬರೆದ ಕಥೆ, ಕವಿತೆಗಳನ್ನು ಓದಿದೆ. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ತಮ್ಮ ಪಾತ್ರ ಮಾಡಿದ್ದನ್ನು, ನಗಿಸುವ ಅಡುಗೆಯವಳೋ ಹೆದರಿಸುವ ಹೆಣ್ಣೋ ಆಗಿ ಮಾತ್ರ ತಮ್ಮನ್ನು ತೋರಿಸಿದ್ದನ್ನು ಅವರು ಬರೆದಿದ್ದರು. ನಾನು ಕೈ ಎತ್ತಿ ಗಣಪಯ್ಯನವರ ಕಥೆ ಹೇಳಿದೆ. ಕ್ಲಾಸು ನಕ್ಕಿತು. ನಾನೇ ಪಾಠ ಮಾಡಲು ನಿಂತ ಮೇಲೆ ಪ್ರತಿವರ್ಷ ಹೇಳಿದೆ. ಹೇಳಿದಂತೆಲ್ಲ ಗಣಪಯ್ಯನವರು ಹೆಚ್ಚು ಹೆಚ್ಚು ಮುಗ್ಧರಾದರು, ನಾಗವೇಣಿಯ ಆ ಮಾತು ಕೇಳಿ ಮೈದಾನ ಹೆಚ್ಚು ಹೆಚ್ಚು ಮೌನವಾಯಿತು. ಯಾವುದೋ ಒಂದು ವರ್ಷದಿಂದ ಕಥೆಯೊಳಗೆ ನಾನು ಟವೆಲ್ ಹಿಡಿದು ನಾಗವೇಣಿಯ ಹಿಂದೆ ಓಡತೊಡಗಿದೆ.

ಈ ಬರಹವನ್ನೂ ಹಾಗೇ ಬರೆಯಲು ಕೂತಿದ್ದೆ. ಅಷ್ಟರಲ್ಲಿ ಸಾಗರದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಾಗವೇಣಿಯೇ ಪಕ್ಕಕ್ಕೆ ಬಂದು ಕೂತಳು. ನರ್ಸ್ ಆಗಿದ್ದು ನಿವೃತ್ತಳಾಗಿದ್ದಾಳೆ. ನಾನು ಉತ್ಸಾಹದಿಂದ ಟವೆಲಿನ ವಿಷಯ ತೆಗೆದೆ.

‘ಯಾವ ಟವೆಲ್ಲೋ? ನಾನು ಲಂಗದಲ್ಲೇ ಒರೆಸ್ಕಂಡೆ.’

‘ಗಣಪಯ್ಯ ಪಾಪ, ಅವರಿಗೆ ಗೊತ್ತಾಗಲಿಲ್ಲ…’

‘ಅವರು ನಿನ್ನನ್ನೇ ಕೇಳಿದ್ರಲ್ಲೋ! ಈ ಕೂಸಿಂದು ಎಂತ ವೇಷ ಮಾಣಿ, ಬಣ್ಣ ಎಂತಕ್ಕೆ, ಮುಖ ಹೀಂಗೇ ಸಾಕಲ್ದಾ ಅಂದ್ರು. ಇಲ್ಲ, ಹೆಣ್ಣು ಬಣ್ಣನೇ ಬೇಕು, ಮೇಷ್ಟ್ರು ಹೇಳಿದಾರೆ ಅಂದಿದ್ದು ನೀನು.’ ಅವಳು ಕೋಸಂಬರಿ ಕಲಸುತ್ತಲೇ ಹೇಳಿದಳು. ‘ಅವರು ಕಣ್ಣು ಬರೀತಿದ್ರೆ ಕೆನ್ನೆಗೆ ಕಾಡಿಗೆ ಮೆತ್ತಿದ್ದೂ ನೀನೇ. ನಗು ತಡ್ಕಳಕ್ಕೆ ಆಗ್ತಿರಲಿಲ್ಲ ನಿಂಗೆ. ಮೇಷ್ಟ್ರು ಹೇಳಿದಾರೆ ಅಂದ್ಯಲ್ಲ, ಅದಕ್ಕೇ ಸುಮ್ನೆ ಕೂತಿದ್ದೆ ನಾನು.’

ನಲವತ್ತೈದು ವರ್ಷಕ್ಕೂ ಹಿಂದಿನ ಮಾತು, ಅವಳ ನೆನಪೂ ತಿರುಚಿರಬಹುದು ಎಂದು ಮನಸ್ಸು ತಕ್ಷಣ ವಾದ ಹೂಡಿತು. ‘ಕಡೆಗೆ ಎಲ್ಲ ಸುಮ್ಮನಾದರಲ್ಲ?’ ಎಂದೆ, ಅದೊಂದಾದರೂ ಉಳಿಯಲಿ ಎಂದು.

‘ಎಂತ ಸುಮ್ನೆ? ಶೇಂಗಾ ತಿಂತಾ ಗಲಾಟೆ ಮಾಡ್ತಿದ್ರು. ಅವ್ವ ಒಬ್ಬಳೇ ಎದ್ದು ನಿಂತ್ಕಂಡಿದ್ಲು. ನಂಗೆ ಅಷ್ಟು ಸಾಕಾಗಿತ್ತು.’

ಮನೆಗೆ ಬಂದು ಟ್ರಂಕಿನಲ್ಲಿದ್ದ ಆ ದಿನದ ಫೋಟೋ ಹುಡುಕಿದೆ. ನಾಟಕ ಮುಗಿದ ಮೇಲೆ ಸ್ಟುಡಿಯೊದವರು ತೆಗೆದದ್ದು. ಬಿಳಿ ಮುಖದ ನಾನು ದೊರೆಯ ಗತ್ತಿನಲ್ಲಿ ಬಲಗೈಯನ್ನು ಕೋಟಿನ ಮೇಲಿಟ್ಟು ನಿಂತಿದ್ದೇನೆ. ಬೆರಳ ತುದಿಗಳಲ್ಲಿ ಕಪ್ಪು ಕಲೆ. ಅದು ಫೋಟೋ ಹಳೆಯದಾಗಿ ಬಿದ್ದ ಕಲೆಯೆಂದು ಇಷ್ಟು ವರ್ಷ ತಿಳಿದಿದ್ದೆ. ಭೂತಗನ್ನಡಿ ಹಿಡಿದೆ. ಮೂರು ಬೆರಳು, ಮೂರರ ತುದಿಯಲ್ಲೂ ಮಸಿ. ದೊರೆಯ ಪಾತ್ರದಲ್ಲಿ ಎಲ್ಲಿಯೂ ಮಸಿ ಮುಟ್ಟುವ ಕೆಲಸವಿರಲಿಲ್ಲ.

ಪೆನ್ನಿನ ಇಂಕೂ ಇರಬಹುದು ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಹೇಳಿಕೊಂಡು, ಅದನ್ನು ಹೇಳುತ್ತಿರುವವನನ್ನು ಅನುಮಾನದಿಂದ ನೋಡುತ್ತೇನೆ.

ಗಣಪಯ್ಯನವರು ತೀರಿಕೊಂಡಿದ್ದಾರೆ. ಮಾಡದ ತಪ್ಪಿಗೆ ಎಷ್ಟೋ ಕ್ಲಾಸುಗಳಲ್ಲಿ ನಗೆಗೀಡಾದದ್ದು ಅವರಿಗೆ ತಿಳಿಯಲೇ ಇಲ್ಲ. ಶಿವಾನಂದ ಮೇಷ್ಟ್ರು ವರ್ಗವಾಗಿ ಹೋದವರು ಎಲ್ಲಿದ್ದಾರೋ ಗೊತ್ತಿಲ್ಲ. ಅವರ ಆ ನೋಟ್‌ಬುಕ್ಕೂ ಹೋಯಿತು. ಆದರೆ ನಾನು ನಿಜವಾಗಿ ಕಳೆದುಕೊಂಡದ್ದು ಟವೆಲ್ ಹಿಡಿದು ಓಡುತ್ತಿದ್ದ ಆ ಒಳ್ಳೆಯ ಹುಡುಗನನ್ನು. ಅವನ ಜಾಗದಲ್ಲಿ ಈ ಫೋಟೋದವನು ಉಳಿದಿದ್ದಾನೆ. ಅವನ ಪಕ್ಕದಲ್ಲಿ ನಾಗವೇಣಿ ಒದ್ದೆ ಕೂದಲಲ್ಲಿ ನೇರ ಕ್ಯಾಮೆರಾ ನೋಡುತ್ತಿದ್ದಾಳೆ. ಮುಖ ನೋಡಿ ಮಾತಾಡಿ ಎಂದು ಅವಳು ಹೇಳಿ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಅವನು ಎತ್ತಲೋ ನೋಡುತ್ತಿದ್ದಾನೆ.