ಪರದೆಯಿಂದ ಅಳಿಸಿದ ಹೆಸರು

ಮೇಡಂ ಅವರ ಬಲಗೈಯ ಕಿರುಬೆರಳು ಹೊರಕ್ಕೆ ಬಾಗಿತ್ತು. ಟೈಪ್‌ರೈಟರಿನ ಬಿಗಿಯಾದ ಕೀಲಿಗಳನ್ನು ಮೂವತ್ತು ವರ್ಷ ಒತ್ತಿದ ಗುರುತು ಅದು. ಕಂಪ್ಯೂಟರಿನ ಮೆತ್ತನೆಯ ಕೀಲಿಗಳನ್ನೂ ಅವರು ಅದೇ ಬಲದಿಂದ ಕುಟ್ಟುತ್ತಿದ್ದರು. ತರೀಕೆರೆಯ ಬಸ್ ನಿಲ್ದಾಣದ ಹಿಂದಿದ್ದ ಅವರ ಟೈಪಿಂಗ್ ಶಾಲೆಯಲ್ಲಿ ಕಲಿತವನು ನಾನು. ಲಿಂಗದಹಳ್ಳಿಯಿಂದ ಅರ್ಜಿ ಟೈಪ್ ಮಾಡಿಸಲು ಬಂದವರ ಒಂದು ಪದವನ್ನು ಬದಲಿಸಬೇಕಾದರೂ ಮೇಡಂ ಅದನ್ನು ಓದಿ ಹೇಳಿ, ಒಪ್ಪಿಗೆ ಪಡೆದೇ ಬದಲಿಸುತ್ತಿದ್ದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ್ದ ನನಗೆ ಅದು ಅತಿ ನಿಧಾನವೆನಿಸುತ್ತಿತ್ತು. ಯಂತ್ರಗಳೆಲ್ಲ ಕನ್ನಡ ಮಾತಾಡಬೇಕೆಂಬುದು ನನ್ನ ವ್ರತ. ಆದೇಶಗಳನ್ನು ಟೈಪ್ ಮಾಡಿ ನಡೆಸುವ ಪ್ರೋಗ್ರಾಂಗಳಿಗೆ ಸಹಾಯಪುಟವನ್ನೂ ತಪ್ಪಿನ ಸಂದೇಶಗಳನ್ನೂ ಒದಗಿಸುವ ಒಂದು ಮುಕ್ತ ಲೈಬ್ರರಿಯನ್ನು, ಅಂದರೆ ಯಾರು ಬೇಕಾದರೂ ತಮ್ಮ ಪ್ರೋಗ್ರಾಂಗೆ ಜೋಡಿಸಿಕೊಳ್ಳಬಹುದಾದ ಸಿದ್ಧ ಕೋಡನ್ನು, ಮೇಡಂ ಮತ್ತು ನಾನು ಕನ್ನಡಕ್ಕೆ ತಂದೆವು. ಅನುವಾದದ ಕಡತದ ತಲೆಬರಹದಲ್ಲಿ ಅವರ ಹೆಸರನ್ನು ಬರೆದೆ. ಅಷ್ಟಕ್ಕೆ ನಿಲ್ಲದೆ, ಪ್ರೋಗ್ರಾಂ ಬರೆಯುವವರು ತಾವಾಗಿ ಕೊಟ್ಟ ವಿವರಣೆಯೂ ನಮ್ಮ ಕಡತದ ಮೂಲಕವೇ ಹಾದು ಕನ್ನಡವಾಗಿ ಬರಬೇಕೆಂದು ಲೈಬ್ರರಿಯವರೊಂದಿಗೆ ವಾದಿಸಿ ಗೆದ್ದೆ.

ಒಂದು ಬೆಳಿಗ್ಗೆ ಅಜ್ಜಂಪುರದ ಯುವತಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ಅದೇ ಲೈಬ್ರರಿ ಬಳಸಿ ಮಳೆಯ ಅಳತೆ ದಾಖಲಿಸುವ ಪ್ರೋಗ್ರಾಂ ಬರೆದಿದ್ದಳು. ಅಂದೇ ಸಂಜೆ ಅದನ್ನು ಊರಿನ ರೈತರಿಗೆ ಒಪ್ಪಿಸಬೇಕಿತ್ತು. ವಿವರಣೆಯ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು. ಆದರೆ ಪರದೆಯ ಮೇಲೆ, ಅದೇ ಜಾಗದಲ್ಲಿ, ಮೇಡಂ ಹೆಸರು ಮೂಡಿತ್ತು. ಖಾಲಿಯನ್ನು ಅನುವಾದಿಸು ಎಂದರೆ ಕಡತವು ತನ್ನ ತಲೆಬರಹವನ್ನೇ ಕೊಡುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

“ಇದನ್ನ ಇಂಗ್ಲಿಷಿಗೇ ಹಾಕ್ಬಿಡ್ತೀನಿ ಮೇಡಂ. ನಾನ್ ಬರ್ದಿದ್ದು ನಿಮ್ದು ಅಂದ್ಕೊಂತಾರೆ” ಎಂದಳು ಹುಡುಗಿ.

“ನನ್ ಹೆಸ್ರು ಹಾಕಿದ್ರೆ ಮಳೆ ಜಾಸ್ತಿ ಏನ್ ಬರಲ್ಲ ಕಣೇ, ತೆಗ್ಯೋಣ ಇರು” ಎಂದರು ಮೇಡಂ.

ಖಾಲಿಯನ್ನು ಮಾತ್ರ ತಡೆದರೆ ಸಾಕು, ಗೆದ್ದ ಹಕ್ಕನ್ನು ಬಿಟ್ಟುಕೊಡಬಾರದು ಎಂದು ನಾನು ದೀರ್ಘವಾಗಿ ವಾದಿಸಿದೆ. ಮೇಡಂ ಕನ್ನಡಕ ತೆಗೆದು ಪೂರ್ತಿ ಕೇಳಿಸಿಕೊಂಡರು.

“ಬರೆದೋಳು ಇಲ್ಲೇ ಕೂತವ್ಳೆ. ಅವಳನ್ನ ಕೇಳಿದ್ಯೇನಪ್ಪಾ?”

ಮಧ್ಯಾಹ್ನದೊಳಗೆ ಮೇಡಂ ನನ್ನ ಕೈಯಿಂದಲೇ ತಿದ್ದಿಸಿದರು: ಲೈಬ್ರರಿ ತನ್ನ ಮಾತನ್ನಷ್ಟೇ ಅನುವಾದಿಸಲಿ, ಬೇರೆಯವರ ಮಾತನ್ನು, ಅವರು ಬಯಸಿದರೆ ಮಾತ್ರ. ಸಂಜೆ ಅಜ್ಜಂಪುರದಲ್ಲಿ ಆ ಪ್ರೋಗ್ರಾಂ ಕನ್ನಡದಲ್ಲೇ ತೆರೆಯಿತು. ಮುಂದೆ ಲೈಬ್ರರಿಯವರೂ ನಮ್ಮ ತಿದ್ದುಪಡಿಯನ್ನು ಸ್ವೀಕರಿಸಿದರು.

ಮೇಡಂ ಈಗಿಲ್ಲ. ಕಡೂರಿನಲ್ಲಿ ಪಾಠ ಹೇಳುವಾಗ ಆ ಕಡತವನ್ನು ತೆರೆದು ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ಮೊದಲ ಸಾಲುಗಳಲ್ಲಿ ಅವರ ಹೆಸರಿದೆ. ಯಾರ ಪ್ರೋಗ್ರಾಂನಲ್ಲೂ ಅದು ಕಾಣುವುದಿಲ್ಲ. ಕಾಣದಂತೆ ಮಾಡಿದವರು ಅವರೇ ಎಂದು ಹೇಳುವಾಗ ನನ್ನ ದನಿ ತಾನಾಗಿ ಏರುತ್ತದೆ.