ಕಿಟಕಿ ದಾಟುವ ಮುನ್ನ

ವಡೋದರಾದ ಮಂಜಲ್‌ಪುರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ನಿನ್ನೆ ಚೌತಿ. ಡೋಲು ಬಡಿದು ಬಡಿದು ದಣಿದ ಪೆಂಡಾಲುಗಳು ಈಗಷ್ಟೇ ಸುಮ್ಮನಾಗಿವೆ. ಸದಾಶಿವ ಶೆಟ್ಟರ ಉಡುಪಿ ಹೊಟೇಲಿನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಗೇಣುದ್ದದ ಮಣ್ಣಿನ ಗಣಪ ಕೂತಿದ್ದಾನೆ. ಮುಂದಿಟ್ಟ ಗರಿಕೆ ಇನ್ನೂ ಬಾಡಿಲ್ಲ. ಯಶೋದಾ ದೀಪಕ್ಕೆ ಎಣ್ಣೆ ಎರೆದು, ಕೈಮುಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಆ ಜಾಗವೆಂದರೆ ಒಂದು ಕಿಟಕಿ. ಅಡುಗೆಮನೆಗೂ ಊಟದ ಹಾಲಿಗೂ ನಡುವಿನ ಗೋಡೆಯಲ್ಲಿ ತೆರೆದದ್ದು, ಕೆಳಗೊಂದು ಕಪ್ಪು ಕಲ್ಲಿನ ಹಾಸು. ಹೊರಗಿನಿಂದ ಮಾತು ಒಳಗೆ ಹೋಗುತ್ತದೆ, ಒಳಗಿನಿಂದ ತಟ್ಟೆ ಹೊರಗೆ ಬರುತ್ತದೆ. ಸಪ್ಲೈಯರ್ ಹುಡುಗರು ಕೂಗಿದ್ದನ್ನು ಯಶೋದಾ ಕೇಳಿಸಿಕೊಂಡು ಒಳಗೆ ಹೇಳಬೇಕು; ಒಳಗಿನವರು ಅದನ್ನೇ ತಿರುಗಿ ಹೇಳಬೇಕು. ತಿರುಗಿ ಹೇಳದ ಹೊರತು ದೋಸೆಕಲ್ಲಿಗೆ ಹಿಟ್ಟು ಬೀಳದು. ಒಳಗೆ ತುಳು, ಕನ್ನಡ, ಒಡಿಯಾ. ಹೊರಗೆ ಹಿಂದಿ, ಗುಜರಾತಿ. ದಿನಕ್ಕೆ ಐನೂರು ತಟ್ಟೆ ದಾಟುವ ಈ ಕಲ್ಲಿನ ಮುಂದೆ ಯಶೋದಾ ನಿಂತು ಹದಿನಾಲ್ಕು ವರ್ಷವಾಯಿತು. ಹಾಲಿನಲ್ಲಿ ಕೂತು ತಿನ್ನುವವರಿಗೆ ಅವರ ಬಳೆ ತೊಟ್ಟ ಕೈ ಮಾತ್ರ ಕಾಣುತ್ತದೆ.

ಇವತ್ತು ಆ ಕೈ ಸುಮ್ಮನಿಲ್ಲ. ಒರೆಸಿದ ಕಲ್ಲನ್ನೇ ಮತ್ತೆ ಮತ್ತೆ ಒರೆಸುತ್ತಿದೆ.

"ಇವತ್ತಿನ ಪಾತ್ರೆ ಸರಿಯಾಗಿ ಹೋಗಿ ಮುಟ್ಟಿಬಿಟ್ಟರೆ ಸಾಕು, ದೇವರೇ," ಎನ್ನುತ್ತಾರೆ.

ಇವತ್ತಿನ ಪಾತ್ರೆ ಪಾರಣೆಯದು. ಜೈನರ ಎಂಟು ದಿನದ ವ್ರತ, ಪರ್ಯೂಷಣ, ನಿನ್ನೆಗೆ ಮುಗಿದಿದೆ. ನಾಲ್ಕು ಬೀದಿ ಆಚೆಯ ಮಂಥನ್‌ಭಾಯಿಯ ತಾಯಿ ಎಂಟು ದಿನ ಬರೀ ಕಾಯಿಸಿದ ನೀರಿನಲ್ಲಿ ಕಳೆದು ಇವತ್ತು ಉಪವಾಸ ಬಿಡುತ್ತಾರೆ. ಅವರಿಗೆ ಹೆಸರುಕಾಳಿನ ನೀರು ಮನೆಯಲ್ಲೇ ಆಗುತ್ತದೆ. ಆದರೆ ಹರಸಿ ಹೋಗಲು ಬರುವ ಎಂಬತ್ತು ಮಂದಿಗೆ ಖಾರ ಪೊಂಗಲ್ ಇಲ್ಲಿಂದಲೇ ಬರಲಿ ಎಂದು ಆ ತಾಯಿಯೇ ಹೇಳಿಕಳಿಸಿದ್ದಾರೆ. ಯಶೋದಾ ಹೆದರಿರುವುದು ಇದೇ ಕಾರಣಕ್ಕೆ. ಹಿಂದೊಮ್ಮೆ ಅದೇ ತಾಯಿಯ ತಟ್ಟೆಯಲ್ಲೇ ಈ ಹೊಟೇಲು ತಪ್ಪಿದೆ.

ಅದು ಕಳೆದ ಚಳಿಗಾಲದ ಮಾತು. ಅಡುಗೆಯ ನಾರಾಯಣ ಭಟ್ಟರು ಊರಿನಿಂದ ಹೊಸದಾಗಿ ಬಂದಿದ್ದರು. ಹಾಲ್ ನೋಡಿಕೊಳ್ಳುವ ವಿನಯ್ "ಒಂದು ಜೈನ್ ಉಪ್ಪಿಟ್ಟು" ಎಂದು ಕೂಗಿದ. ಯಶೋದಾ ಒಳಗೆ ಹೇಳಿದರು. ಭಟ್ಟರು ತಿರುಗಿ ಹೇಳಿದರು. ಮಠದ ಅಡುಗೆಯಲ್ಲಿ ಕೈ ಪಳಗಿದವರು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಮಾಡುವುದನ್ನು ಅವರಿಗೆ ಯಾರು ಕಲಿಸಬೇಕು? ಎರಡನ್ನೂ ಬಿಟ್ಟರು, ಹಸಿಶುಂಠಿ ಹಾಕಿದರು. ನಮ್ಮಲ್ಲಿ ಶುಂಠಿ ದೇವರ ನೈವೇದ್ಯಕ್ಕೂ ಸಲ್ಲುತ್ತದೆ, ದ್ವಾದಶಿಯ ಪಾರಣೆಗೂ ಸಲ್ಲುತ್ತದೆ. ಜೈನರಿಗೆ ಸಲ್ಲದು. ಅದು ಮಣ್ಣಿನೊಳಗೆ ಬೆಳೆಯುವ ಗಡ್ಡೆ. ಕಿತ್ತರೆ ಗಿಡವೂ ಹೋಯಿತು, ಅದನ್ನು ನಂಬಿದ ಸಣ್ಣ ಜೀವಗಳೂ ಹೋದವು ಎಂದು ಅವರ ನಂಬಿಕೆ. ಎರಡು ಕಡೆಯೂ ಭಕ್ತಿಯೇ. ನಡುವೆ ಒಂದು ಮಾತು ಹೇಳದೇ ಉಳಿದಿತ್ತು.

ಆ ತಾಯಿ ಒಂದು ತುತ್ತು ತಿಂದು ಚಮಚ ಕೆಳಗಿಟ್ಟರು. ಜಗಳ ಮಾಡಲಿಲ್ಲ. ನೀರು ಕುಡಿದು ಎದ್ದು ಹೋದರು. ಆ ತುತ್ತಿಗಾಗಿ ಮರುದಿನ ಉಪವಾಸ ಕೂತರೆಂದು ಆಮೇಲೆ ಮಗ ಬಂದು ಹೇಳಿದ.

ಶೆಟ್ಟರು ತುಂಬಿದ ಹಾಲಿನಲ್ಲೇ ಹಾರಾಡಿದರು. "ಇನ್ನೊಂದು ಸಲ ಹೀಗಾದರೆ ಭಟ್ರನ್ನ ಮಂಗಳೂರು ರೈಲು ಹತ್ತಿಸ್ತೇನೆ, ನೋಡ್ತಾ ಇರಿ!"

"ನಾನು ಜೈನ್ ಅಂತ ಸ್ಪಷ್ಟ ಕೂಗಿದ್ದೆ," ಎಂದ ವಿನಯ್.

"ಕೂಗಿದರೆ ಆಯ್ತಾ? ಶುಂಠಿ ಆಗೋದಿಲ್ಲ ಅಂತ ಹೇಳಿದ್ದೀಯಾ?" ಎಂದರು ಭಟ್ಟರು.

ಅಂದಿನಿಂದ ಅವರಿಬ್ಬರ ನಡುವೆ ನೇರ ಮಾತಿಲ್ಲ. ಮಾರು ದೂರದಲ್ಲಿ ನಿಂತು "ಯಶೋದಕ್ಕ, ಸಾಂಬಾರ್ ಆಯ್ತಾ ಅಂತ ಅವರನ್ನ ಕೇಳಿ" ಎನ್ನುತ್ತಾನೆ ಇವನು. "ಆಯ್ತು ಅಂತ ಅವನಿಗೆ ಹೇಳಿ, ಕಿವಿ ಇದ್ದರೆ" ಎನ್ನುತ್ತಾರೆ ಅವರು. ಎರಡೂ ಮಾತನ್ನು ಯಶೋದಾ ಒಂದಿಷ್ಟು ತಣ್ಣಗೆ ಮಾಡಿ ದಾಟಿಸುತ್ತಾರೆ. "ಕಿವಿ ವಿಷಯ ನಾನು ಹೇಳೋದಿಲ್ಲ," ಎಂದು ನಗುತ್ತಾರೆ.

ಅಂದು ಭಟ್ಟರ ಕೆಲಸ ಉಳಿಸಿದ್ದೂ ಯಶೋದಾ. "ಯಾರೂ ಸುಳ್ಳು ಹೇಳಿಲ್ಲ ಶೆಟ್ರೆ, ಹೇಳಬೇಕಾದ್ದು ಹೇಳಿಲ್ಲ ಅಷ್ಟೇ" ಎಂದು ವಾದಿಸಿ ಒಂದು ಪದ್ಧತಿ ತಂದರು. ಜೈನ್ ಅಡುಗೆಗೆ ಬೇರೆ ಪಾತ್ರೆ, ಹಳದಿ ದಾರ ಕಟ್ಟಿದ ಬೇರೆ ಸೌಟು. ಪಾತ್ರೆ ಕಲ್ಲಿಗೆ ಬಂದಾಗ ಮಾಡಿದವರು ಅದಕ್ಕೆ ಏನೇನು ಬಿದ್ದಿದೆ ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಪಾತ್ರೆ ಕಿಟಕಿ ದಾಟಬೇಕು.

"ಯಾಕೆ ಹಾಕಿದ್ರಿ ಅಂತ ಕೇಳಿದರೆ ಮನುಷ್ಯ ವಕೀಲ ಆಗಿಬಿಡ್ತಾನೆ," ಎಂಬುದು ಅವರ ಅನುಭವ. "ಏನೇನು ಹಾಕಿದ್ರಿ ಅಂತ ಕೇಳಿದರೆ ಅಡುಗೆಯವನಾಗಿಯೇ ಇರ್ತಾನೆ. ಗಟ್ಟಿಯಾಗಿ ಕೇಳಬಾರದು. ಕಣ್ಣು ಪಾತ್ರೆ ಮೇಲಿರಬೇಕು, ಅವರ ಮುಖದ ಮೇಲಲ್ಲ."

ಈ ತಿಳಿವಳಿಕೆ ಅವರಿಗೆ ಸುಮ್ಮನೆ ಬಂದದ್ದಲ್ಲ. ಬ್ರಹ್ಮಾವರದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ಗಂಡ ಬಾಲಚಂದ್ರ ಮಕರ್‌ಪುರಾದ ಒಂದು ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಪ್ರೆಸ್ ಮಷಿನ್ ನಡೆಸುತ್ತಿದ್ದರು. ಒಂದು ಬೆಳಗ್ಗೆ ಶಿಫ್ಟ್ ಬದಲಾದ ಮೇಲೆ ಮಷಿನ್ನು ಅವರ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಕೈ ಒಳಗೆ ಸಿಗದಂತೆ ಕಾಯುವ ಅದರ ತಡೆ ಸಡಿಲವಾದದ್ದು ರಾತ್ರಿ ಶಿಫ್ಟಿನವರಿಗೆ ಗೊತ್ತಿತ್ತು.

"ಹೇಳಿದರೆ ಸೂಪರ್‌ವೈಸರ್ ಬೈತಾರೆ, ನೀವೇ ಕೆಡಿಸಿದ್ದು ಅಂತಾರೆ ಅಂತ ಹೆದರಿ ಬಾಯಿ ಬಿಡಲಿಲ್ಲವಂತೆ," ಎನ್ನುವಾಗ ಯಶೋದಾರ ದನಿ ಇಳಿಯುತ್ತದೆ. "ಕೆಟ್ಟವರಲ್ಲ ಅವರು. ಆಸ್ಪತ್ರೆಗೆ ಬಂದು ಇವರಿಗಿಂತ ಹೆಚ್ಚು ಅತ್ತರು. ಅಳೋದಕ್ಕಿಂತ ಹೇಳೋದು ಕಷ್ಟವಾ ಅಂತ ನನಗೆ ಆವತ್ತು ಅನ್ನಿಸಿತು."

ಬಾಲಚಂದ್ರ ಈಗ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಾರೆ. ಯಶೋದಾ ಇಲ್ಲಿ ತರಕಾರಿ ಹೆಚ್ಚಲು ಸೇರಿ, ನಾಲ್ಕು ಭಾಷೆ ಬರುತ್ತದೆಂದು ಕಿಟಕಿಗೆ ಬಂದರು. ಕಾಲೇಜು ಓದುವ ಮಗಳು ಮೇಘನಾಗೆ ಅಮ್ಮನ ಕೆಲಸ ಕೇಳಿ ಬೆರಗು. "ಮಮ್ಮಿ, ಇದು ನಮಗೆ ಪೂರಾ ಒಂದು ಸಬ್ಜೆಕ್ಟೇ ಇದೆ, ಕಮ್ಯುನಿಕೇಶನ್ ಅಂತ," ಎಂದಳಂತೆ. "ಹೌದಾ? ಪಾಸಾದ ಮೇಲೆ ಭಾನುವಾರ ಬಂದು ಕಿಟಕಿಗೆ ನಿಲ್ಲು, ನಾನು ಸ್ವಲ್ಪ ಮಲಗ್ತೇನೆ," ಎಂದರಂತೆ ಅಮ್ಮ.

ಈಗ ಒಳಗೆ ತುಪ್ಪದ ಒಗ್ಗರಣೆ ಚಟಪಟ ಎನ್ನುತ್ತದೆ. ಕಾಳುಮೆಣಸು, ಜೀರಿಗೆ, ಕರಿಬೇವು. ನಾರಾಯಣ ಭಟ್ಟರು ನಿನ್ನೆ ಗಣಪನ ನೈವೇದ್ಯಕ್ಕೆಂದು ಇಡೀ ದಿನ ಒಲೆಯ ಮುಂದಿದ್ದವರು, ಕಣ್ಣು ಕೆಂಪಾಗಿದೆ. ಹೊರಗೆ ವಿನಯ್ ಡಬ್ಬಿಗಳನ್ನು ಸ್ಕೂಟರಿನ ಬಳಿ ಜೋಡಿಸುತ್ತಿದ್ದಾನೆ. ಪಾತ್ರೆ ಕಲ್ಲಿಗೆ ಬರುತ್ತದೆ. ಹಬೆ ಏಳುತ್ತಿದೆ.

ಯಶೋದಾ ಕಣ್ಣು ಪಾತ್ರೆಯ ಮೇಲಿಟ್ಟು ಕೇಳುತ್ತಾರೆ: "ಹೇಳಿ ಭಟ್ರೆ, ಏನೇನು ಬಿದ್ದಿದೆ?"

"ಅಕ್ಕಿ. ಹೆಸರುಬೇಳೆ. ತುಪ್ಪ. ಮೆಣಸು, ಜೀರಿಗೆ, ಇಂಗು..."

ಮಾತು ನಿಲ್ಲುತ್ತದೆ. ಭಟ್ಟರು ತಮ್ಮ ಬಲಗೈಯನ್ನು ಮೂಗಿನ ಹತ್ತಿರ ತಂದು ನೋಡುತ್ತಾರೆ. ಯಶೋದಾ ತಲೆ ಎತ್ತುವುದಿಲ್ಲ. ಹೊರಗೆ ವಿನಯನ ಕೈಯೂ ನಿಂತಿದೆ. ಹೇಳದಿದ್ದರೆ ಯಾರಿಗೂ ಗೊತ್ತಾಗದು. ತುರಿದ ಶುಂಠಿ ತುಪ್ಪದಲ್ಲಿ ಬೆರೆತರೆ ಕಣ್ಣಿಗೆ ಬೀಳುವುದಿಲ್ಲ, ಮೆಣಸಿನ ಘಾಟಿನಲ್ಲಿ ವಾಸನೆಯೂ ಅಡಗುತ್ತದೆ. ಹೇಳಿದರೆ ರೈಲು ಕಾದಿದೆ.

"ಬಿತ್ತು, ಯಶೋದಕ್ಕ." ಭಟ್ಟರ ದನಿ ಕೆಳಗಿಳಿದಿದೆ. "ಶುಂಠಿ ಬಿತ್ತು. ನಿನ್ನೆಯ ನೈವೇದ್ಯದ್ದು ತುರಿದು ಉಳಿದದ್ದು ಪಕ್ಕದಲ್ಲೇ ಇತ್ತು. ಕೈ ತನ್ನಷ್ಟಕ್ಕೆ ಹೋಯ್ತು."

ಯಶೋದಾ ಪಾತ್ರೆಯನ್ನು ಪಕ್ಕಕ್ಕೆ ಸರಿಸುತ್ತಾರೆ. "ಆಯ್ತು. ಇದು ನಮ್ಮ ಹಾಲಿನ ಗಿರಾಕಿಗಳಿಗೆ ಇರಲಿ. ಜೈನ್ ಪಾತ್ರೆ, ಸೌಟು ಎರಡೂ ತೊಳೀಬೇಕು. ಹೊಸತು ಮಾಡುವ. ಎಷ್ಟು ಹೊತ್ತು ಬೇಕು?"

ಭಟ್ಟರು ಉತ್ತರಿಸುವ ಮೊದಲೇ ವಿನಯ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಾನೆ. "ಭಟ್ರೆ, ಕುಕ್ಕರಿನಲ್ಲಿ ಹಾಕಿದರೆ ಬೇಗ ಆಗ್ತದಾ?"

ಚಳಿಗಾಲದಿಂದ ಈಚೆಗೆ ಅವನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು. ಭಟ್ಟರು ಒಲೆಯ ಕಡೆ ತಿರುಗುತ್ತಾರೆ.

"ಮೂರೂ ದೊಡ್ಡ ಕುಕ್ಕರ್ ಇಳಿಸು. ಬೇಳೆ ನೀನೇ ಹುರಿ. ಎಂತ ನಿಂತು ನೋಡ್ತಿ, ನಾನು ಯಕ್ಷಗಾನ ಕುಣೀತಿದ್ದೇನಾ?"

ಅರ್ಧ ಗಂಟೆ ತಡವಾಗುತ್ತದೆ. ಮಂಥನ್‌ಭಾಯಿಗೆ ಫೋನು ಮಾಡಬೇಕು. "ಟ್ರಾಫಿಕ್ ಅಂತ ಹೇಳಲಾ?" ಎನ್ನುತ್ತಾನೆ ವಿನಯ್. "ಇಷ್ಟು ಬೆಳಗ್ಗೆ ಎಲ್ಲಿಯ ಟ್ರಾಫಿಕ್ ಮಾರಾಯ? ಇದ್ದದ್ದು ಹೇಳು," ಎನ್ನುತ್ತಾರೆ ಯಶೋದಾ. ಅವನು ಗೋಡೆಗೆ ತಿರುಗಿ, ತಪ್ಪಿ ತಪ್ಪಿ ಗುಜರಾತಿಯಲ್ಲಿ ಇದ್ದದ್ದನ್ನು ಹೇಳುತ್ತಾನೆ. ಆ ಕಡೆ ಫೋನು ತಾಯಿಯ ಕೈಗೆ ಹೋದಂತಿದೆ. ಎಂಟು ದಿನದ ಉಪವಾಸಕ್ಕೆ ಸಣ್ಣಗಾದ ದನಿ. ತಡವಾದರೆ ಆಗಲಿ, ಹೇಳಿದೆಯಲ್ಲ ಬೇಟಾ, ಒಳ್ಳೆಯದಾಯಿತು ಎನ್ನುತ್ತಾರೆ. ಕೊನೆಗೆ, "ಮಿಚ್ಛಾಮಿ ದುಕ್ಕಡಂ." ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಜೈನರು ವರ್ಷಕ್ಕೊಮ್ಮೆ ಎಲ್ಲರಲ್ಲೂ ಕೇಳಿಕೊಳ್ಳುವ ಮಾತದು. ತಪ್ಪು ಮಾಡಿದವರು ಇವರು, ಕ್ಷಮೆ ಕೇಳಿದವರು ಅವರು.

ವಿನಯ್ ಫೋನು ಜೇಬಿಗಿಟ್ಟು ಒಲೆಯ ಮುಂದೆ ಬಂದು ಭಟ್ಟರ ಬೆನ್ನಿಗೆ ಅದೇ ಮಾತನ್ನು ತಡವರಿಸುತ್ತಾನೆ.

"ಎಂತ ಗುಣುಗುಣು? ಬೇಳೆ ಕರಟ್ತಾ ಉಂಟು ನೋಡು," ಎನ್ನುತ್ತಾರೆ ಭಟ್ಟರು. ಆದರೆ ಸೌಟು ತಾವೇ ತೆಗೆದುಕೊಂಡು, ಅವನು ಪಕ್ಕಕ್ಕೆ ಸರಿಯದಂತೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ.

ಹೊಸ ಪಾತ್ರೆ ಕಿಟಕಿ ದಾಟಿ ಸ್ಕೂಟರ್ ಹೊರಟ ಮೇಲೂ ಯಶೋದಾರ ಆತಂಕ ಇಳಿದಿಲ್ಲ. ಶೆಟ್ಟರು ಬರುವ ಹೊತ್ತು. ಮುಚ್ಚಿಡಬಹುದು. ಆದರೆ ಬೇರೆಯವರ ಬಾಯಿ ಬಿಡಿಸಿದ ತಾವು ಹೇಗೆ ಮುಚ್ಚಿಡುವುದು? ಗಣಪನಿಗೆ ಕೈಮುಗಿದು ಬಂದ ಶೆಟ್ಟರಿಗೆ ನಡೆದದ್ದನ್ನು ನಡೆದಂತೆ ಹೇಳುತ್ತಾರೆ.

ಶೆಟ್ಟರ ಮುಖ ಕೆಂಪಾಗುತ್ತದೆ. "ಮತ್ತೆ ಅದೇ! ನಾನು ಅವತ್ತೇ ಎಂತ ಹೇಳಿದ್ದೆ?"

"ಹೇಳಿದ್ದು ನೆನಪುಂಟು ಶೆಟ್ರೆ. ಪಾತ್ರೆ ಕಿಟಕಿ ದಾಟಲಿಲ್ಲ. ಯಾರೂ ಹಿಡಿದದ್ದಲ್ಲ, ಭಟ್ರೇ ಬಾಯಿಬಿಟ್ಟರು. ಹೇಳಿದ್ದಕ್ಕೆ ರೈಲು ಹತ್ತಿಸಿದರೆ ನಾಳೆಯಿಂದ ಯಾರೂ ಹೇಳೋದಿಲ್ಲ. ಆಮೇಲೆ ನಾನು ಇಲ್ಲಿ ನಿಂತು ಎಂತ ಮಾಡೋದು?"

ಶೆಟ್ಟರು ಗಣಪನನ್ನು ನೋಡುತ್ತಾರೆ, ಕಿಟಕಿಯನ್ನು ನೋಡುತ್ತಾರೆ. ಹೆಗಲ ಮೇಲಿನ ಟವೆಲು ಕೊಡವಿ ಮೊದಲ ಟೇಬಲ್ಲಿಗೆ ಹೋಗಿ ಕೂರುತ್ತಾರೆ.

"ಒಂದು ಪ್ಲೇಟ್ ಪೊಂಗಲ್ ಕೊಡಿ," ಎನ್ನುತ್ತಾರೆ. "ಶುಂಠಿ ಹಾಕಿದ್ದೇ."

ಬಿಸಿಲು ಕಲ್ಲಿನ ಮೇಲೆ ಬಿದ್ದಿದೆ. ಮಕರ್‌ಪುರಾದ ಶಿಫ್ಟಿಗೆ ಹೋಗುವವರು ಒಬ್ಬೊಬ್ಬರೇ ಬಂದು ಕೂರುತ್ತಿದ್ದಾರೆ. ಯಶೋದಾ ಬೆಳಗಿನಿಂದ ಮೊದಲ ಬಾರಿ ಚಹಾ ಕುಡಿಯುತ್ತಾರೆ, ನಿಂತೇ.

"ನನಗೆ ದೊಡ್ಡ ಆಸೆ ಎಂತದೂ ಇಲ್ಲ," ಎನ್ನುತ್ತಾರೆ. "ಒಂದು ದಿನವಾದರೂ ನಾನು ಕೇಳದೆ ಅವರೇ ಹೇಳಬೇಕು. ಕೇಳೋಕೆ ಮುಂಚೆ ಎದೆ ಹೊಡ್ಕೊಳ್ತದಲ್ಲ, ಅದು ನಿಂತರೆ ಸಾಕು."

ಅಷ್ಟರಲ್ಲಿ ಒಳಗಿನಿಂದ ಚಟ್ನಿಯ ಪಾತ್ರೆ ಕಲ್ಲಿಗೆ ಬಂದು ಕೂರುತ್ತದೆ. ಯಶೋದಾ ಲೋಟ ಕೆಳಗಿಟ್ಟು, ಕೇಳಲು ಬಾಯಿ ತೆರೆಯುತ್ತಾರೆ.

"ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸು," ಹಬೆಯ ಆಚೆಯಿಂದ ನಾರಾಯಣ ಭಟ್ಟರ ದನಿ, ಹಾಲಿನ ಕೊನೆಯ ಟೇಬಲ್ಲಿಗೂ ಕೇಳುವಂತೆ. "ಶುಂಠಿ ಉಂಟು. ಜೈನರಿಗೆ ಅಲ್ಲ."

ಯಶೋದಾ ಪದ್ಧತಿ ತಪ್ಪಬಾರದೆಂದು ತಿರುಗಿ ಹೇಳುತ್ತಾರೆ:

"ಶುಂಠಿ ಉಂಟು. ಜೈನರಿಗೆ ಅಲ್ಲ. ಕೇಳಿಸಿತು ಭಟ್ರೆ."